ಸೋಮವಾರದ ಗುಳಿಗೆ

ನನ್ನ ಅವ್ವ ಜಯವ್ವನ ರಕ್ತದಲ್ಲಿ ಒಂದು ಪ್ರೋಟೀನ್ ಹಟಕ್ಕೆ ಬಿದ್ದಿದೆ. ಕೈನೇಸ್ ಅಂತ ಅದರ ಜಾತಿ. ರಕ್ತದ ಕಣಗಳಿಗೆ ಬೆಳೆಯಿರಿ, ಬೆಳೆಯಿರಿ ಎಂದು ಬಿಡುವಿಲ್ಲದೆ ಅಪ್ಪಣೆ ಕೊಡುತ್ತದೆ. ಅದೇ ಅವ್ವನ ಕ್ಯಾನ್ಸರ್. ನಾಗಪುರದ ಲ್ಯಾಬೊಂದರಲ್ಲಿ ಇಂಥವೇ ಪ್ರೋಟೀನುಗಳ ರಚನೆ ಅಭ್ಯಾಸ ಮಾಡುವವಳು ನಾನು. ಜಡ್ಡು ಬಂದ ಹೊಸತರಲ್ಲಿ ಲ್ಯಾಪ್‌ಟಾಪಿನಲ್ಲಿ ಅವಳಿಗೆ ಚಿತ್ರ ತೋರಿಸಿದ್ದೆ. ಪ್ರೋಟೀನಿನ ನಡುವೆ ಒಂದು ಪೊಟರೆ, ಅದರೊಳಗೆ ಗುಳಿಗೆಯ ಪುಟ್ಟ ಅಣು. ಅದು ಅಲ್ಲಿ ಕೂತಿರುವ ತನಕ ಪ್ರೋಟೀನಿನ ಬಾಯಿ ಬಂದ್.

"ಬಾಯಾಗ ಬೆಲ್ಲದ ಹೆಂಟಿ ತುರುಕಿದಂಗ ಐತಲ್ಲ" ಎಂದು ಅವ್ವ ನಕ್ಕಿದ್ದಳು.

ಈಗ ಆ ಗುಳಿಗೆ ಹಿಡಿಯುತ್ತಿಲ್ಲ. ಪೊಟರೆಯ ಗೋಡೆ ಒಂದು ಕಡೆ ಚೂರು ಬದಲಾಗಿದೆ, ಅಣುವಿಗೆ ಜಾಗವಿಲ್ಲ ಎಂದರು ಡಾಕ್ಟರು. ಉಳಿದಿರುವುದು ಇನ್ನೊಂದೇ ಬಗೆಯ ಗುಳಿಗೆ. ನಡುವೆ ಔಷಧ ತಪ್ಪಿಸಿದ್ದರಾ ಎಂದೂ ಕೇಳಿದರು. ಎಲ್ಲಿಯ ಮಾತು ಎಂದು ಅವ್ವನ ಪರವಾಗಿ ನಾನೇ ಉತ್ತರಿಸಿದೆ.

ನಾಗಪುರದ ಅಂಚಿನ ವಾಡಿಯಲ್ಲಿರುವ ನಮ್ಮ ಮನೆಗೆ ಮರಳುವ ಆಟೋದಲ್ಲಿ ಅವ್ವ ಮೆಲ್ಲಗೆ ಬಾಯಿಬಿಟ್ಟಳು. "ತೇಜು, ಸೋಮವಾರ ಸೋಮವಾರ ಗುಳಿಗಿ ತಗೊಂತಿದ್ದಿಲ್ಲ ನಾ. ಊಟ ಆದಮ್ಯಾಲೇ ನುಂಗ್ರಿ ಅಂದಿದ್ರು. ಉಪಾಸ ಇದ್ದಾಗ ಊಟ ಎಲ್ಲೈತಿ?"

ಆ ದಿನ ತಟ್ಟೆ ತುಂಬ ಸಾಬುದಾಣೆ ಖಿಚಡಿ ತಿನ್ನುತ್ತಿದ್ದಳು. ಅದರ ಮೇಲೆ ನುಂಗಿದ್ದರೂ ನಡೆಯುತ್ತಿತ್ತು. ಆದರೆ ಉಪವಾಸದ ತಿನಿಸನ್ನು ನಮ್ಮ ಮನೆಯಲ್ಲಿ ಯಾರೂ ಊಟವೆಂದು ಹಿಡಿದವರಲ್ಲ. ನನಗೆ ಮೈಯೆಲ್ಲ ಉರಿಯಿತು. ಎದುರಿಗೇ ಕೂತು ಅದೇ ಖಿಚಡಿ ತಿಂದ ನನ್ನ ಮೇಲೆಯೇ ಹೆಚ್ಚು ಸಿಟ್ಟು.

"ಅದಕ್ಕ ಹಿಂಗಾತೇನ?"

ಅವಳ ಮುಖ ನೋಡಿ ಸುಳ್ಳು ಹೇಳಿದೆ. "ಇಲ್ಲವ್ವಾ. ಅದು ತಾನ ಬದಲಾಗತೈತಿ. ನಿಂದೇನೂ ತಪ್ಪಿಲ್ಲ."

ಅವ್ವನ ಜೀವ ಹಗುರಾಯಿತು. ಮನೆ ಮುಂದೆ ಇಳಿಯುತ್ತ, "ಹಂಗಾರ ಬರೋ ಸೋಮವಾರದಿಂದ ನೀರೂ ಮುಟ್ಟೂದಿಲ್ಲ. ಹೊಸ ಗುಳಿಗಿ ಹತ್ತಲಿ ಅಂತ ಹರಕಿ ಹೊತ್ತೀನಿ" ಎಂದಳು.

"ಉಪಾಸ ಬ್ಯಾಡವ್ವಾ. ಗುಳಿಗಿ ತಪ್ಪಬಾರದು."

"ವಾರದಾಗ ಒಂದಿನ ತಪ್ಪಿದ್ರ ಏನಾಗತೈತಿ? ತಪ್ಪಿಲ್ಲ ಅಂತ ನೀನ ಹೇಳಿದಿ."

ಬಿಟ್ಟ ಗುಳಿಗೆಗಳಿಂದಲೇ ಹೀಗಾಯಿತೆಂದು ಯಾವ ಲ್ಯಾಬೂ ಖಾತ್ರಿ ಕೊಡದು. ಆಗಿರಬಹುದು, ಅಷ್ಟೇ. ಅಷ್ಟು ಹೇಳಿದರೆ ಅವ್ವ ಹರಕೆ ಬಿಡುವವಳಲ್ಲ, ಈ ಗುಳಿಗೆಯೂ ಕೈಕೊಟ್ಟರೆ ಅವಳು ಉಳಿಯುವುದಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ.

"ನಿನ್ನ ಸೋಮವಾರದಿಂದನ ಹಿಂಗಾಗೇತಿ ಅವ್ವಾ."

ಚಪ್ಪಲಿ ಬಿಡುತ್ತಿದ್ದವಳು ಗೋಡೆ ಹಿಡಿದು ನಿಂತಳು. "ಜಡ್ಡು ವಾಸಿ ಆಗಲಿ ಅಂತ ಹಿಡದ ಉಪಾಸ ಅದು" ಎಂದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಸೋಮವಾರ ಅವ್ವ ರೊಟ್ಟಿ ಉಂಡು ಹೊಸ ಗುಳಿಗೆ ನುಂಗಿದಳು. ದೇವರ ಜಗಲಿಯ ಕಡೆ ತಿರುಗಲಿಲ್ಲ. ನಾನು ಎದುರಿಗೇ ಕೂತಿದ್ದೆ, ನನ್ನ ಕಡೆಗೂ ನೋಡಲಿಲ್ಲ.