ಐದನೇ ಮಹಡಿಯ ಬಾಗಿಲು

ಆ ಕಟ್ಟಡದ ಪ್ರತಿ ಮಹಡಿಯಲ್ಲೂ ಮೆಟ್ಟಿಲಿಗೂ ಮನೆಗಳ ಸಾಲಿಗೂ ನಡುವೆ ಒಂದು ಫೈರ್ ಡೋರ್ ಇತ್ತು. ಅದು ತಾನಾಗಿಯೇ ಮುಚ್ಚಿಕೊಳ್ಳಲೆಂದು ಮೇಲೊಂದು ಡೋರ್ ಕ್ಲೋಸರ್. ಎಂಟು ಮಹಡಿ, ಎಂಟು ಕ್ಲೋಸರ್. ಎಂಟನ್ನೂ ಬಿಚ್ಚಿದವನು ನಾನೇ, ಇಪ್ಪತ್ತು ವರ್ಷ ಬಾಗಿಲು ಕೂರಿಸಿದ ಬಡಗಿ!

ಮೊದಲು ಕೇಳಿದ್ದು ಅಕ್ಕ. ಅವಳ ಮನೆ ಐದನೇ ಮಹಡಿ. ಭಾವನಿಗೆ ಮಂಡಿನೋವು, ಕೈಯಲ್ಲಿ ಊರುಗೋಲು.

"ಲೋ, ಆ ಹಾಳು ಬಾಗಿಲು ನಿಮ್ಮ ಭಾವನ್ನ ದಿನಾ ಹಿಂದಿಂದ ಗುದ್ದುತ್ತೆ ಕಣೋ. ನೀನೊಬ್ಬ ಬಡಗಿ ಅಂತ ಇದ್ದು ಏನು ಬಂತು?"

ಅಕ್ಕ ಕೇಳಿದ್ದಕ್ಕೆ ನಾನು ಇಲ್ಲ ಎಂದವನಲ್ಲ. ಬಿಚ್ಚುತ್ತಿದ್ದಾಗ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ನೋಡಿ, "ಎಲ್ಲಾ ಮಹಡಿದೂ ತೆಗೆದುಬಿಡಿ ಮಾರಾಯರೇ, ಧಡಾರ್ ಧಡಾರ್ ಅಂತ ತಲೆ ಚಿಟ್ಟು ಹಿಡಿದಿದೆ" ಎಂದರು. ತೆಗೆದೆ. ಸ್ಕ್ರೂ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣವನ್ನೂ ಹಚ್ಚಿದೆ. ಅರೆಬರೆ ಕೆಲಸ ಮಾಡುವವನಲ್ಲ ನೋಡಿ, ನಾನು! ಕ್ಲೋಸರ್‌ಗಳನ್ನು ಗೋಣಿಚೀಲಕ್ಕೆ ತುಂಬಿ ಅಕ್ಕನ ಮಂಚದಡಿ ಇಟ್ಟೆವು.

ಹೋದ ತಿಂಗಳು ಒಂದು ಮಧ್ಯಾಹ್ನ ಕೆಳಗಿನ ಮೀಟರ್ ಕೋಣೆಗೆ ಬೆಂಕಿ ಬಿತ್ತು. ಬೆಂಕಿ ಅಲ್ಲೇ ಆರಿತು. ಹೊಗೆ ಮಾತ್ರ ಮೆಟ್ಟಿಲು ಹತ್ತಿ, ಹಾ ಎಂದು ತೆರೆದು ನಿಂತಿದ್ದ ಬಾಗಿಲುಗಳಲ್ಲಿ ನುಗ್ಗಿತು. ಅಕ್ಕ ಅಂಗಡಿಗೆ ಹೋಗಿದ್ದಳು. ಓಡಬಲ್ಲವರೆಲ್ಲ ಓಡಿದರು. ಭಾವ ಮನೆಯಿಂದ ಹೊರಗೆ ನಾಲ್ಕು ಹೆಜ್ಜೆ ಇಟ್ಟು ಬಿದ್ದರು. ಮತ್ತೆ ಏಳಲಿಲ್ಲ.

ನಿನ್ನೆ ವಿಚಾರಣೆಯ ಅಧಿಕಾರಿ ಬಂದು ಐದನೇ ಮಹಡಿಯ ಫೈರ್ ಡೋರ್ ಮೇಲೆ ಕೈಯಾಡಿಸಿದರು.

"ಇದಕ್ಕೆ ಕ್ಲೋಸರ್ ಇರಲಿಲ್ವಾ?"

ಕಾರ್ಯದರ್ಶಿ ಸೂರು ನೋಡಿದರು. ನಾನು ಅಕ್ಕನ ಹಿಂದಕ್ಕೆ ಸರಿದೆ.

"ಇರಲಿಲ್ಲ ಸಾರ್. ನಾವು ಬಂದಾಗಿಂದ ಹಿಂಗೇ ಇದೆ" ಎಂದಳು ಅಕ್ಕ.

ಅಧಿಕಾರಿ ಒಳಗೆ ಬಂದು, ಅದೇ ಮಂಚದ ಮೇಲೆ ಕೂತು ಹಾಗೆಯೇ ಬರೆದುಕೊಂಡರು. ಅಕ್ಕ ಸಹಿ ಹಾಕಿದಳು. ಬದುಕಿದೆ ಎನಿಸಿತು ನನಗೆ. ಥೂ, ನನ್ನ ಜನ್ಮಕ್ಕಿಷ್ಟು!

ಅವರು ಹೋದ ಮೇಲೆ ಅಕ್ಕ ಬಗ್ಗಿ ಗೋಣಿಚೀಲ ಎಳೆದು ನನ್ನ ಕಾಲ ಬಳಿ ಹಾಕಿದಳು.

"ಬಿಚ್ಚು ಅಂದೋಳು ನಾನು, ಅದಕ್ಕೇ ಸುಳ್ಳು ಹೇಳಿದೆ. ಅದು ಯಾತಕ್ಕಿದೆ ಅಂತ ನಂಗೆ ಗೊತ್ತಿರಲಿಲ್ಲ ಕಣೋ. ನಿಂಗೆ?"

ನಾನು ಬಗ್ಗಿ ಚೀಲದ ಬಾಯಿ ಕಟ್ಟತೊಡಗಿದೆ.

"ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತು ಅಕ್ಕ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ತಗೊಂಡು ಹೋಗು" ಎಂದಳು. ನಾನು ಚೀಲ ಹೊತ್ತು ಹೊಸ್ತಿಲು ದಾಟಿದೆ. ಹಿಂದೆ ಅವಳು ಕದ ಹಾಕಿ ಚಿಲಕ ಜಡಿದಳು.