ಹನ್ನೊಂದು ಜ್ವರಗಳು

ನನ್ನ ತಮ್ಮ ಕನ್ನಡಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕನ್ನಡಕದ ಕಡ್ಡಿ ಚೌಕಟ್ಟಿಗೆ ಸೇರುವ ಕಡೆ ಸಾಸಿವೆಗಿಂತ ಚಿಕ್ಕ ತಿರುಪೊಂದು ಇರುತ್ತದಲ್ಲ, ಅದನ್ನು ಕೂರಿಸುವುದು ಅವನ ಕೆಲಸ. ದಿನಕ್ಕೆ ಎಂಟು ಗಂಟೆ, ಕೆಲಸದ ಬೆಂಚಿನ ಎದುರು ಒಂದು ಗಟ್ಟಿ ಸ್ಟೂಲಿನ ಮೇಲೆ, ಇಪ್ಪತ್ತೆರಡು ವರ್ಷದಿಂದ. ಅಲ್ಲಿ ಅವನ ಹೆಸರು ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ಎಲ್ಲರ ಬಾಯಲ್ಲೂ ತಿರುಪಣ್ಣ.

ಒಂದು ಮಂಗಳವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಒಂದು ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವಳು ಕೂತಳು. ಅವನು ಬಾಗಿಲಿಗೆ ಒರಗಿ ನಿಂತ. ಪತ್ರ ಕಾರ್ಖಾನೆಯದು. ಒಂದು ವರ್ಷದಲ್ಲಿ ಹನ್ನೊಂದು ಸಲ, ಒಟ್ಟು ನಲವತ್ತಮೂರು ದಿನ ಗೈರುಹಾಜರಾಗಿದ್ದೀರಿ, ಒಂದಕ್ಕೂ ವೈದ್ಯರ ಚೀಟಿ ಕೊಟ್ಟಿಲ್ಲ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಗುರುವಾರ ಹನ್ನೊಂದಕ್ಕೆ ಬಂದು ವಿವರಿಸಿ, ಜೊತೆಗೆ ಒಬ್ಬರನ್ನು ಕರೆತರಬಹುದು ಎಂದಿತ್ತು. ಕೆಳಗೆ ಹನ್ನೊಂದು ರಜೆಗಳ ಪಟ್ಟಿ. ಪ್ರತಿಯೊಂದರ ಎದುರೂ ಅವನೇ ಬರೆದುಕೊಟ್ಟ ಕಾರಣ: ಜ್ವರ.

ಜ್ವರವಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೆ ಮೂಲವ್ಯಾಧಿ. ಮೂರು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆಯೂ ಆಗಿ ಹತ್ತೊಂಬತ್ತು ದಿನ ಮಲಗಿದ್ದ. ವೈದ್ಯರು ಪ್ರತಿ ಸಲವೂ ಚೀಟಿ ಬರೆದುಕೊಟ್ಟಿದ್ದರಂತೆ. ಅದರಲ್ಲಿ ಆ ಪದ ಇತ್ತಲ್ಲ, ಆದ್ದರಿಂದ ಇವನು ಹನ್ನೊಂದನ್ನೂ ಒಂದು ಲಕೋಟೆಗೆ ಹಾಕಿ, ಅಂಟಿಸಿ, ಕಪಾಟಿನಲ್ಲಿ ಸ್ವೆಟರಿನ ಕೆಳಗೆ ಬಚ್ಚಿಟ್ಟಿದ್ದ.

"ಕೆಲಸ ಹೋದ್ರೆ ಹೋಗ್ಲಿ ಅಕ್ಕ," ಎಂದ. "ಜೊತೆಗೆ ನೀನು ಬಾ. ಆದ್ರೆ ಆ ಹೆಸರು ಮಾತ್ರ ಅಲ್ಲಿ ನಿನ್ನ ಬಾಯಲ್ಲಿ ಬರಬಾರದು."

"ಹೋಗ್ಲಿ ಅಂತೆ," ಎಂದಳು ಅವನ ಹೆಂಡತಿ. "ಐವತ್ತೊಂದು ವರ್ಷಕ್ಕೆ ಇವರಿಗೆ ಇನ್ಯಾರು ಕೆಲಸ ಕೊಡ್ತಾರೆ, ನೀವೇ ಹೇಳಿ ಅತ್ತಿಗೆ. ತಿರುಪು ಹಾಕೋದು ಬಿಟ್ರೆ ಚಹಾ ಸೋಸಕ್ಕೂ ಬರಲ್ಲ."

ಕಾರ್ಖಾನೆಯ ನಿಯಮಗಳ ಪುಸ್ತಕ ಇದೆಯೇ ಎಂದು ಕೇಳಿದೆ. ಕೆಲಸಕ್ಕೆ ಸೇರಿದ ದಿನ ಕೊಟ್ಟಿದ್ದರು, ಇನ್ನೂ ತೆರೆದೇ ಇಲ್ಲ ಎಂದ. ಮರುದಿನ ಬೆಳಗ್ಗೆ ತಂದುಕೊಟ್ಟ. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಾಕುವಿನಿಂದ ಬಿಡಿಸಿಕೊಂಡು, ಪೆನ್ಸಿಲ್ ಹಿಡಿದು ಮಧ್ಯಾಹ್ನದವರೆಗೆ ಓದಿದೆ.

ಓದುತ್ತ ಓದುತ್ತ ನನಗೆ ಧೈರ್ಯ ಬಂತು. ಕಾಯಿಲೆ ಬೀಳುವುದು ತಪ್ಪಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಕಾಯಿಲೆಯ ಕಾರಣಕ್ಕೆ ಯಾರನ್ನಾದರೂ ತೆಗೆಯುವ ಮೊದಲು ಕಾರ್ಖಾನೆಯ ವೈದ್ಯರ ಅಭಿಪ್ರಾಯ ಕೇಳಬೇಕು. ಕಾಯಿಲೆ ಏನೆಂದು ಆ ವೈದ್ಯರಿಗೆ ತಿಳಿದರೆ ಸಾಕು, ಮ್ಯಾನೇಜರಿಗೆ ಹೇಳಬೇಕೆಂದಿಲ್ಲ. ಕೆಲಸದ ರೀತಿಯನ್ನು ಸ್ವಲ್ಪ ಬದಲಾಯಿಸಿದರೆ ಮುಂದುವರಿಯಬಹುದು ಎಂದಾದರೆ ಮೊದಲು ಅದನ್ನು ಮಾಡಿ ನೋಡಬೇಕು. ಆದರೆ ಇನ್ನೊಂದು ಸಾಲೂ ಕಣ್ಣಿಗೆ ಬಿತ್ತು. ರಜೆಗೆ ಸುಳ್ಳು ಕಾರಣ ಕೊಡುವುದು ಅಪರಾಧ, ಅದೊಂದಕ್ಕೇ ಕೆಲಸದಿಂದ ತೆಗೆಯಬಹುದು. ಅದನ್ನು ತಮ್ಮನಿಗೆ ಹೇಳಲಿಲ್ಲ. ಮೊದಲೇ ಊಟ ಬಿಟ್ಟಿದ್ದ.

ಗುರುವಾರ ಹೋದೆವು. ಚಿಕ್ಕ ಕೋಣೆ, ನಾಲ್ಕು ಕುರ್ಚಿ, ಒಂದು ಮೇಜು. ಸಿಬ್ಬಂದಿ ವಿಭಾಗದ ಹುಡುಗಿ, ಫ್ಯಾನಿನ ಗಾಳಿ ನೇರವಾಗಿ ಬಡಿಯದ ಕಡೆಗೆ ನನ್ನ ಕುರ್ಚಿಯನ್ನು ಸರಿಸಿಕೊಟ್ಟಳು. ಯಾರೂ ಅವಳಿಗೆ ಹೇಳಿರಲಿಲ್ಲ. ಮ್ಯಾನೇಜರ್ ನಲವತ್ತರ ಆಸುಪಾಸಿನವರು, ಗಡಿಬಿಡಿಯ ಮನುಷ್ಯ, ಕೆಟ್ಟವರಂತೆ ಕಾಣಲಿಲ್ಲ. ಕೂತ್ಕೊಳ್ಳಿ ಎಂದರು. ಪರವಾಗಿಲ್ಲ ಸಾರ್, ನಿಂತೇ ಇರ್ತೀನಿ ಎಂದ ತಮ್ಮ. ಎರಡನೆಯ ಸಲ ಹೇಳಿದರು. ಅದೇ ಉತ್ತರ. ಮೂರನೆಯ ಸಲಕ್ಕೆ ಅವರ ಮುಖ ಬಿಗಿಯಿತು. ಹೇಳಿದ ಮಾತಿಗೆ ಇವನು ಬೆಲೆ ಕೊಡುತ್ತಿಲ್ಲ ಎಂದುಕೊಂಡರೋ ಏನೋ, ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹನ್ನೊಂದು ಜ್ವರ," ಎಂದರು. "ನಮ್ಮನೇಲಿ ನಾಲ್ಕು ಜನ ಇದ್ದೀವಿ. ಎಲ್ಲರದೂ ಸೇರಿಸಿದ್ರೂ ಹತ್ತು ವರ್ಷಕ್ಕೆ ಇಷ್ಟು ಜ್ವರ ಬಂದಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ನಕ್ಕಳು ಎಂದು ನನಗೆ ಅನುಮಾನ. ನನಗೂ ನಗು ಬಂದಿತ್ತು.

ನಾನು ಲಕೋಟೆಯನ್ನು ಮೇಜಿನ ಮೇಲಿಟ್ಟೆ. ವೈದ್ಯರ ಚೀಟಿಗಳು ಇದರಲ್ಲಿವೆ, ಇದನ್ನು ಕಾರ್ಖಾನೆಯ ವೈದ್ಯರೊಬ್ಬರೇ ತೆರೆಯಬೇಕು, ಅವರ ಅಭಿಪ್ರಾಯ ಬರುವ ಮೊದಲು ಇವನನ್ನು ತೆಗೆಯುವ ಹಾಗಿಲ್ಲ ಎಂದು ಹೇಳಿ, ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆದ ಕಡೆ ತೋರಿಸಿದೆ. ಮ್ಯಾನೇಜರ್ ಎರಡು ಸಲ ಓದಿದರು. ಸರಿ, ಇದನ್ನು ಒಪ್ಪುತ್ತೇನೆ ಎಂದರು. ಆಮೇಲೆ ಪುಟ ತಿರುವಿ, ನಾನು ಗೆರೆ ಎಳೆಯದೆ ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟರು.

ಚೀಟಿಯಲ್ಲಿ ಜ್ವರ ಅಂತಲೇ ಇದೆಯೇ ಎಂದು ಕೇಳಿದರು. ಇದ್ದರೆ ಮಾತು ಮುಗಿಯಿತು. ಇಲ್ಲದಿದ್ದರೆ ಇವನು ಹನ್ನೊಂದು ಸಲ ಸುಳ್ಳು ಬರೆದುಕೊಟ್ಟಿದ್ದಾನೆ. ಕಾಯಿಲೆ ಯಾವುದಾದರೂ ಇರಲಿ, ಸುಳ್ಳೇಕೆ ಬರೆದೆ ಎಂಬುದಕ್ಕಾದರೂ ಕಾರಣ ಬೇಕಲ್ಲ ಎಂದರು. ನ್ಯಾಯವಾದ ಮಾತೇ.

ನಾನು ಮಾತು ಕೊಟ್ಟಿದ್ದೆ. ಬಾಯಿ ತೆರೆಯುವ ಹಾಗಿರಲಿಲ್ಲ. ಹುಡುಗಿಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ನನ್ನ ತಮ್ಮ ಕಿಟಕಿಯ ಕಡೆ ತಿರುಗಿದ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಗೋಡೆ, ಅದಕ್ಕೆ ಒರಗಿಸಿದ ಸೈಕಲ್ಲು. ಅವನ ಕಿವಿಗಳು ಕೆಂಪಾಗಿದ್ದವು.

"ಸಾರ್," ಎಂದ ಸೈಕಲ್ಲಿಗೆ ಹೇಳುವ ಹಾಗೆ. "ನನಗೆ ಕೂರಕ್ಕಾಗಲ್ಲ."

ಅಷ್ಟೇ. ಮ್ಯಾನೇಜರ್ ಏನೋ ಕೇಳಲು ಹೋದವರು ಅರ್ಧದಲ್ಲೇ ನಿಲ್ಲಿಸಿದರು. ಅವರ ಮುಖದ ಬಿಗಿ ಮೆಲ್ಲಗೆ ಸಡಿಲವಾಯಿತು. ಆಮೇಲೆ ಅವರು ಮಾಡಿದ್ದನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ಹುಡುಗಿಯೂ ಎದ್ದಳು. ನಾನೂ ಏಳಹೊರಟಾಗ, ನೀವು ಕೂತ್ಕೊಳ್ಳಿ ಅಮ್ಮ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ವಿಚಾರಣೆಯ ಉಳಿದ ಭಾಗವನ್ನೆಲ್ಲ ಅವರು ಮೂವರೂ ನಿಂತೇ ನಡೆಸಿದರು.

ನಾಚಿಕೆಯಿಂದ ಬರೆದದ್ದನ್ನು ಮೋಸ ಎನ್ನಲಾಗದು ಎಂದು ಮ್ಯಾನೇಜರ್ ಹೇಳಿದರು. ಹುಡುಗಿ ಅದನ್ನು ಬರೆದುಕೊಳ್ಳುವಾಗ ಕಾಗದವನ್ನು ನನ್ನ ಕಡೆ ವಾಲಿಸಿ ಹಿಡಿದಳು. 'ಕಾರಣ ತೃಪ್ತಿಕರ, ವಿವರ ವೈದ್ಯರಿಗೆ' ಎಂದಷ್ಟೇ ಬರೆದಿದ್ದಳು. ನೋಟಿಸು ಸದ್ಯಕ್ಕೆ ಹಿಂದಕ್ಕೆ, ವೈದ್ಯರು ನೋಡಿ ಏನು ಹೇಳುತ್ತಾರೋ ಹಾಗೆ, ಅಲ್ಲಿಯವರೆಗೆ ಎಂದಿನಂತೆ ಕೆಲಸ. ಹನ್ನೊಂದು ರಜೆ ಅರ್ಜಿಗಳನ್ನು ಮಾತ್ರ ಹೊಸದಾಗಿ ಬರೆದುಕೊಡಬೇಕು, 'ಅನಾರೋಗ್ಯ' ಎಂದರೆ ಸಾಕು.

ಹೊರಗೆ ಬಂದಾಗ ತಮ್ಮನ ಪಕ್ಕದ ಬೆಂಚಿನವನು ಕಾಯುತ್ತಿದ್ದ. ಐದಡಿಯೂ ಇಲ್ಲದ ಮನುಷ್ಯ, ಹಾಗಾಗಿ ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಾರೆ. ಏನಾಯಿತು ಎಂದು ಕೇಳಿದ. ಕೆಲಸ ಉಳಿಯಿತು, ಜ್ವರದ ವಿಷಯ ಬಗೆಹರಿಯಿತು ಎಂದು ತಮ್ಮ ಗಂಭೀರವಾಗಿ ಹೇಳಿದ.

"ಯಾವ ಜ್ವರ ಮಾರಾಯ," ಎಂದ ಉದ್ದಣ್ಣ. "ಒಂದು ವರ್ಷದಿಂದ ನಿಂತ್ಕೊಂಡು ಊಟ ಮಾಡ್ತಿದ್ದೀಯ. ನಮಗೇನು ಕಣ್ಣಿಲ್ವಾ, ಇಡೀ ಊರಿಗೆ ಕನ್ನಡಕ ಮಾಡೋರು ನಾವು."

ಎಲ್ಲರಿಗೂ ಗೊತ್ತಿತ್ತಂತೆ. ಸೂಪರ್‌ವೈಸರ್ ಕೇಳಿದಾಗಲೆಲ್ಲ, ಹೌದು ಸಾರ್, ಹಣೆ ಮುಟ್ಟಿ ನೋಡಿದ್ವಿ, ಸುಡ್ತಿತ್ತು ಎಂದು ಇವರೇ ಸರದಿಯ ಮೇಲೆ ಸಾಕ್ಷಿ ಹೇಳುತ್ತಿದ್ದರಂತೆ. ಯಾರೂ ಇವನ ಎದುರು ಒಂದು ಮಾತು ಆಡಿರಲಿಲ್ಲ. ನನ್ನ ತಮ್ಮ ಅವನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನಗತೊಡಗಿದವನು ನಿಲ್ಲಿಸಲು ಒದ್ದಾಡಿದ. ಜೋರಾಗಿ ನಕ್ಕರೆ ನೋವಾಗುತ್ತದೆ ಎಂದು ಗೋಡೆ ಹಿಡಿದುಕೊಂಡ.

ಹನ್ನೆರಡು ದಿನಕ್ಕೆ ವೈದ್ಯರ ಪತ್ರ ಬಂತು. ಇವರು ಕೆಲಸಕ್ಕೆ ಯೋಗ್ಯರು, ಆದರೆ ಗಂಟೆಗಟ್ಟಲೆ ಕೂರಿಸಬಾರದು, ನಿಂತು ಕೆಲಸ ಮಾಡಲು ಎತ್ತರದ ಬೆಂಚು ಕೊಡಬೇಕು ಎಂದು. ಹೊಸ ಬೆಂಚು ಬರುವವರೆಗೆ ಇರಲಿ ಎಂದು ಬಡಗಿಯೊಬ್ಬರು ಹಳೆಯ ಬೆಂಚಿನ ನಾಲ್ಕು ಕಾಲಿಗೂ ಮರದ ತುಂಡು ಕೊಟ್ಟು ಎತ್ತರಿಸಿದರು. ನೋಟಿಸು ರದ್ದಾಗಿದೆ ಎಂಬ ಪತ್ರವೂ ಅದೇ ದಿನ ಕೈಗೆ ಬಂತು.

ಮರುದಿನ ಮಧ್ಯಾಹ್ನ ತಮ್ಮನ ಫೋನು. ಹೇಗಿದೆಯಪ್ಪ ಎಂದೆ. ಎಲ್ಲ ಚೆನ್ನಾಗಿದೆ ಎಂದು ಶುರುಮಾಡಿದವನು ದನಿ ತಗ್ಗಿಸಿದ.

"ಅಕ್ಕ, ಈ ಬೆಂಚು ಒಂದಿಂಚು ಜಾಸ್ತಿ ಎತ್ತರ ಆಯ್ತು, ಹೆಗಲು ನೋಯ್ತಿದೆ. ಕೇಳಬಹುದಾ?"

"ಕೇಳಬಹುದು," ಎಂದೆ.

"ಬರೆದು ಕೊಟ್ಟುಬಿಟ್ಟೆ," ಎಂದ. "ಕಾರಣ ಹೆಗಲು ನೋವು ಅಂತ ನಿಜಾನೇ ಬರೆದಿದ್ದೀನಿ. ಸರಿ ತಾನೆ?"