ಕಿತ್ತ ಸಾಲು

"ಅಯ್ಯೋ ನನ್ ಶಿವನೆ! ಅವ್ವಾರೆ, ಬನ್ನಿ ಇಲ್ಲಿ. ನಿಮ್ ಸೊಸೆ ಬತ್ತಾನೆಲ್ಲ ಕಿತ್ತು ಗುಡ್ಡೆ ಹಾಕವ್ಳೆ!"

ರಾಚಮ್ಮ ಕೂಗಿದ ರಭಸಕ್ಕೆ ಕಳೆ ಕೀಳುತ್ತಿದ್ದ ಹೆಣ್ಣಾಳುಗಳೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತರು. ಗುರುಶಾಂತಮ್ಮ ಸೀರೆ ಎತ್ತಿಕಟ್ಟಿ ಕೆಸರು ತುಳಿಯುತ್ತ ಬಂದಳು. ಬದುವಿನ ಮೇಲೆ ಹಸಿರು ಗುಡ್ಡೆ ಬಿದ್ದಿತ್ತು, ಮುಕ್ಕಾಲು ಪಾಲು ಪೈರೇ. ಗದ್ದೆಯೊಳಗೆ ಮಾತ್ರ ಹುಲ್ಲು, ಬೇಕೆಂದು ನಾಟಿ ಮಾಡಿದ ಹಾಗೆ, ಸೊಗಸಾಗಿ ತಲೆಯಾಡಿಸುತ್ತಿತ್ತು.

"ಕೋಟೆ ಕಡೆ ಗುಗ್ಗು" ಎಂದಳು ಒಬ್ಬಳು. "ಪೆದ್ದಮ್ಮ" ಎಂದು ಇನ್ನೊಬ್ಬಳು ಕಿಸಕ್ಕನೆ ನಕ್ಕಳು.

ಸೊಸೆ ಸುಂದ್ರಮ್ಮನ ಮದುವೆ ಬಳೆಯ ಬಣ್ಣ ಇನ್ನೂ ಮಾಸಿರಲಿಲ್ಲ. ತವರು ಹೆಗ್ಗಡದೇವನಕೋಟೆಯ ಆಚೆ, ರಾಗಿ ಹತ್ತಿಯ ಸೀಮೆ. ನಿಂತ ನೀರಲ್ಲಿ ಬೆಳೆ ಬೆಳೆಯುವುದನ್ನು ಅವಳು ನೋಡಿದ್ದೇ ಇಲ್ಲಿಗೆ ಬಂದಮೇಲೆ.

ನಾಲೆಯ ಕಡೆಯಿಂದ ಬಂದ ಮಾವ ಗುರುಮಲ್ಲಪ್ಪ ಗುಡ್ಡೆಯನ್ನು ನೋಡಿದ. "ಕಳೆ ಯಾವ್ದು ಬೆಳೆ ಯಾವ್ದು ತಿಳೀದಿರೋ ದಡ್ಡೀನ ಕಟ್ಕೊಂಡು ಒಕ್ಕಲುತನ ಮಾಡಾಕಾಯ್ತದಾ? ಗೌರಿ ಹಬ್ಬಕ್ಕೆ ತವರಿಗೆ ಓಗ್ಲಿ. ಅಲ್ಲೇ ಇರ್ಲಿ" ಎಂದು ಮೆಲ್ಲಗೆ ಹೇಳಿ ತಿರುಗಿ ನಡೆದ.

ಗುರುಶಾಂತಮ್ಮನಿಗೆ ಗಂಡ ಕೂಗಾಡಿದರೆ ಭಯವಿರಲಿಲ್ಲ. ಮೆಲ್ಲಗೆ ಹೇಳಿದ್ದನ್ನು ಮಾಡಿಯೇ ತೀರುವ ಮನುಷ್ಯ.

"ನೆನ್ನೆ ಕೇಳ್ದಾಗ ಕಳೆ ಕೀಳಾದು ಗೊತ್ತು ಅಂದ್ಯಲ್ಲ ಮಗ?"

ಸುಂದ್ರಮ್ಮ ಸೆರಗು ಬಾಯಿಗೊತ್ತಿಕೊಂಡಳು. "ನಮ್ಮವ್ವ ಏಳಿತ್ತು ಅತ್ತೆ. ಅತ್ತೆ ಮನೇಲಿ ಗೊತ್ತಿಲ್ಲ ಅಂತ ಬಾಯ್ಬುಡ್ಬೇಡ, ದಡ್ಡಿ ಅಂದಾರು ಅಂತ."

"ಸರಿಹೋಯ್ತು. ಸುಳ್ಳೇಳಿ ಅದ್ನೇ ಅನ್ನಿಸ್ಕಂಡೆ."

ಆಳುಗಳು ಮತ್ತೆ ನಕ್ಕರು. ಗುರುಶಾಂತಮ್ಮ ನಗಲಿಲ್ಲ. "ಸುಮ್ಕಿರ್ರೇ. ದಡ್ಡಿ ಅಂದ್ರೆ ತೋರ್ಸಿಕೊಟ್ರೂ ಕಲೀದೋಳು. ಇವ್ಳು ಕಾಣದೋಳು. ಗದ್ದೇನೇ ಕಾಣದೋಳಿಗೆ ಕಳೆ ಎಂಗೆ ಕಂಡಾತು? ನೋಡು ಮಗ, ಬರಾಕಿಲ್ಲ ಅನ್ನು, ಯಾರಾದ್ರೂ ಕಲಿಸ್ತಾರೆ. ಗೊತ್ತು ಅಂದ್ಬುಟ್ರೆ ಯಾರೂ ಅತ್ರ ಬರಾಕಿಲ್ಲ."

"ಅಂಗಾರೆ ನನ್ ಗಂಡ ಯಾವ್ ಜಾತಿ ದಡ್ಡ ಅವ್ವಾರೆ?" ಎಂದಳು ರಾಚಮ್ಮ.

"ಅವ್ನು ಬ್ಯಾರೆ ಕಣೆ. ಎಲ್ಲಾ ಗೊತ್ತಿದ್ದೂ ಗೊತ್ತಿಲ್ದಂಗೆ ಮನಗಿರೋನು."

ಈ ಸಲ ಸುಂದ್ರಮ್ಮನಿಗೂ ನಗು ಬಂತು. ಗುರುಶಾಂತಮ್ಮ ಒಂದು ಪೈರು, ಒಂದು ಹುಲ್ಲು ತೆಗೆದು ಅವಳ ಕೈಗಿಟ್ಟಳು. ಎಲೆ ದಂಟಿಗೆ ಕೂಡುವ ಕಡೆ ಪೈರಿಗೆ ಬೆಳ್ಳಗೆ ಸಣ್ಣ ನಾಲಿಗೆ. ಹುಲ್ಲಿಗೆ ಅಲ್ಲಿ ಏನೂ ಇಲ್ಲ, ಬರೀ ನುಣುಪು. "ಕಣ್ಣು ಮೋಸ ಮಾಡ್ತದೆ. ಬೆರಳಾಡ್ಸಿ ನೋಡು."

ಸುಂದ್ರಮ್ಮ ಬೆರಳಾಡಿಸಿದಳು. ಇನ್ನೊಂದು ತೆಗೆದು ನೋಡಿದಳು, ಮತ್ತೊಂದು. ಆಮೇಲೆ ತಾನೇ ಗುಡ್ಡೆಯ ಮುಂದೆ ಕುಳಿತು ಪೈರು ಬೇರೆ, ಹುಲ್ಲು ಬೇರೆ ಮಾಡತೊಡಗಿದಳು. ಬೇರು ಇನ್ನೂ ಒಣಗಿರಲಿಲ್ಲ. ಹೊತ್ತು ಇಳಿಯುವುದರೊಳಗೆ ಅತ್ತೆ ಸೊಸೆ ಸೇರಿ ಕಿತ್ತ ಸಾಲನ್ನು ಮತ್ತೆ ಕೆಸರಿಗೆ ಊರಿದರು. ರಾಚಮ್ಮ ಯಾರೂ ಹೇಳದೆ ಇನ್ನೊಂದು ತುದಿಯಿಂದ ಊರುತ್ತ ಬಂದಳು.

ಮಾರನೆ ಬೆಳಗ್ಗೆ ಗುರುಮಲ್ಲಪ್ಪ ಜಗಲಿಯಲ್ಲಿ ಗುದ್ದಲಿಯ ಕಾವು ಬಿಗಿಮಾಡುತ್ತಿದ್ದ. ಮುಖ ಎತ್ತದೆ ಸೊಸೆಯನ್ನು ಕೇಳಿದ: "ಗದ್ದೆಗೆ ನೀರು ತಿರುಗ್ಸಿ ಬದುವಿನ ಮಡೆ ಕಟ್ಟಾಕೆ ಬತ್ತದಾ?"

ಒಳಗೆ ಮುದ್ದೆ ತಿರುವುತ್ತಿದ್ದ ಗುರುಶಾಂತಮ್ಮನ ಕೋಲು ನಿಂತಿತು. ಸುಂದ್ರಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಬೇಕೆಂದೇ ಮಡಕೆಯ ಕಡೆ ನೋಡಿದಳು.

"ಬರಾಕಿಲ್ಲ ಮಾವ" ಎಂದಳು ಸುಂದ್ರಮ್ಮ. "ನೀವು ಒಂದ್ಸಲ ತೋರ್ಸಿದ್ರೆ ಮಾಡ್ತೀನಿ."

ಗುರುಮಲ್ಲಪ್ಪ ಕಾವನ್ನು ಇನ್ನೂ ಎರಡು ಸಲ ಕುಟ್ಟಿದ. ಗುದ್ದಲಿ ಹೆಗಲಿಗಿಟ್ಟುಕೊಂಡು ಅಂಗಳ ದಾಟಿದವನು ಬೇಲಿಯ ಹತ್ತಿರ ನಿಂತ.

"ಸೀರೆ ಎತ್ತಿಕಟ್ಕೊಂಡು ಬಾವ್ವ. ಮಡೇಲಿ ಕೆಸರು ಜಾಸ್ತಿ."

ಮುಂದೆ ಮಾವ, ಹಿಂದೆ ಸೊಸೆ ಬದುವಿನ ಮೇಲೆ ನಡೆದರು. ಪಕ್ಕದ ಗದ್ದೆಯಲ್ಲಿ ನೆನ್ನೆ ಊರಿದ ಸಾಲಿನ ತುದಿಗಳು ಬಾಡಿ ಬಾಗಿದ್ದವು. ಬುಡ ಮಾತ್ರ ನೆಟ್ಟಗೆ ನಿಂತಿತ್ತು.